ಸಿಪಾಯಿಯ ಪಿಂಚಣಿಯು ದಾನವೋ, ಸಾಲವೋ?

ದಂಡಿನಲ್ಲಿ ಸೇವೆಮಾಡಿ ಮನೆಗೆ ಬಂದವನಿಗೆ ಸರಕಾರವು ತಿಂಗಳು ತಿಂಗಳಿಗೆ ಕೊಡುವ ಪಿಂಚಣಿಯ ಕಟ್ಟಳೆಗಳನ್ನು ಬದಲಿಸಬೇಕೆಂಬ ಮಾತು ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಆಗಾಗ್ಗೆ ಏಳುವದುಂಟು. ಆಗೆಲ್ಲಾ ಲೆಕ್ಕ ಬಲ್ಲವರು ಹಣದ ವಿಷಯವಾಗಿ ವಾದಿಸುತ್ತಾರೆ. ಹಣದ ಲೆಕ್ಕವು ಅಲಕ್ಷ್ಯ ಮಾಡತಕ್ಕದ್ದಲ್ಲ. ಆದರೆ ಅದಕ್ಕಿಂತ ಮುಂಚಿತವಾಗಿ ತೀರಿಸಬೇಕಾದ ಪ್ರಶ್ನೆಯೊಂದು ಇದೆ. ಪಿಂಚಣಿಯು ಕೊಡುವವನ ದಯೆಯಿಂದ ಬರುವ ದಾನವೋ, ಇಲ್ಲವೆ ದುಡಿದವನಿಗೆ ಸಲ್ಲಬೇಕಾದ ಸಾಲವೋ? ದಾನವಾಗಿದ್ದರೆ ಕೊಡುವವನು ಈ ವರುಷ ಹೆಚ್ಚಿಸಿ ಬರುವ ವರುಷ ತಗ್ಗಿಸಬಹುದು, ಹೊಂದುವವನು ಕೈಮುಗಿದು ಸುಮ್ಮನಿರಬೇಕು. ಸಾಲವಾಗಿದ್ದರೆ ಹಾಗಲ್ಲ.

ಪ್ರಿಯ ವಾಚಕರೇ, ನಮ್ಮ ಹೊಲಗಳ ಕಡೆಗೆ ನೋಡಿರಿ. ಒಬ್ಬ ಒಕ್ಕಲಿಗನು ಆಳನ್ನು ವರುಷಕ್ಕೆ ಗೊತ್ತುಮಾಡಿ, ತಿಂಗಳಿಗೆ ಇಷ್ಟು ರೂಪಾಯಿ, ಸುಗ್ಗಿಯಲ್ಲಿ ನಾಲ್ಕು ಚೀಲ ಜೋಳ ಎಂದು ಮಾತುಕೊಡುತ್ತಾನೆ. ಜೋಳ ಸಿಕ್ಕುವದೆಂಬ ನಂಬಿಕೆಯಿಂದಲೇ ಆಳು ಕಡಿಮೆ ರೂಪಾಯಿಗೆ ಒಪ್ಪಿದನು. ಸುಗ್ಗಿ ಬಂದಾಗ ಒಕ್ಕಲಿಗನು, ಈ ವರುಷ ನನಗೂ ಕಷ್ಟ, ಎರಡೇ ಚೀಲ ಕೊಡುತ್ತೇನೆಂದರೆ ಊರ ಹಿರಿಯರು ಏನನ್ನುವರು? ಅವನ ಕಷ್ಟವು ನಿಜವಾಗಿರಬಹುದು. ಆದರೂ ಆ ಜೋಳವು ಕಣದಲ್ಲಿ ಬಿದ್ದಿರುವಾಗಲೇ ಆಳಿನದಾಗಿದೆ. ಸಾಲ ಕೊಟ್ಟವನು ಕರುಣೆಯಿಂದ ಸಾಲವನ್ನು ಬಿಡಬಹುದು. ಸಾಲಗಾರನು ತನಗೆ ತಾನೇ ಸಾಲ ಬಿಟ್ಟುಕೊಳ್ಳುವದು ಯಾವ ನ್ಯಾಯ?

ಸಿಪಾಯಿಯ ಸಂಗತಿಯಲ್ಲಿ ಇದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಕಚೇರಿಯ ಗುಮಾಸ್ತನು ೬೦ ವಯಸ್ಸಿನ ತನಕ ಸಂಬಳ ಎಣಿಸುತ್ತಾನೆ. ದಂಡಿಗಾದರೋ ಎಳೆಯ ದೇಹಗಳು ಬೇಕಾಗಿರುವದರಿಂದ ಬಹುಮಂದಿ ಸಿಪಾಯಿಗಳು ೪೦ ವಯಸ್ಸಿನ ಸುಮಾರಿಗೆ ಹೊರಗೆ ಬರುತ್ತಾರೆ. ೧೫ ವರುಷ ಸೇವೆಮಾಡಿದವನಿಗೆ ಪಿಂಚಣಿಯ ಹಕ್ಕು ಉಂಟಾಗುವದು ಇದರ ನಿಮಿತ್ತವೇ. ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿರುವಾಗ, ತಂದೆತಾಯಿಗಳು ಮುಪ್ಪಿನಲ್ಲಿರುವಾಗ ಅವನು ಮನೆಗೆ ಬರುತ್ತಾನೆ. ಯೌವನವನ್ನು ಕೊಟ್ಟಾಯಿತು, ಅದನ್ನು ಹಿಂದಕ್ಕೆ ಕೇಳಲಾರನು. ಹೀಗಿರಲಾಗಿ ಮಾತಿನ ಒಂದು ಪಾಲನ್ನು ಪೂರ್ಣವಾಗಿ ಹೊಂದಿದ ಮೇಲೆ ಇನ್ನೊಂದು ಪಾಲನ್ನು ತಗ್ಗಿಸುವದು ವ್ಯಾಪಾರದಲ್ಲಿಯೂ ಮರ್ಯಾದೆಯಲ್ಲ.

ನಮ್ಮ ದೇಶದ ಪರಮೋಚ್ಚ ನ್ಯಾಯಸ್ಥಾನವು ಈ ಪ್ರಶ್ನೆಯನ್ನು ವಿಚಾರಿಸಿತು. ೧೯೭೯ನೇ ಇಸವಿಯಲ್ಲಿ ಸರಕಾರವು ಪಿಂಚಣಿಯ ಕಟ್ಟಳೆಯನ್ನು ಉದಾರಮಾಡಿ, ಒಂದು ಗೊತ್ತಾದ ತಾರೀಖಿನ ತರುವಾಯ ನಿವೃತ್ತರಾದವರಿಗೆ ಮಾತ್ರ ಅದರ ಲಾಭವೆಂದು ವಿಧಿಸಿತು. ಅದಕ್ಕೆ ಮುಂಚೆ ಹೊರಗೆ ಬಂದವರಿಗೆ ಹಳೆಯ ಲೆಕ್ಕವೇ. ಡಿ. ಎಸ್. ನಕಾರಾ ಎಂಬವರು ಹೂಡಿದ ವ್ಯಾಜ್ಯದಲ್ಲಿ ೧೯೮೨ನೇ ಇಸವಿ ದಶಂಬರ ೧೭ರಂದು ನ್ಯಾಯಾಧೀಶರು ಆ ಗೋಡೆಯನ್ನು ಕೆಡವಿದರು. ಪಿಂಚಣಿಯು ಯಜಮಾನನ ಮನಸ್ಸಿಗೆ ಬಂದಂತೆ ಕೊಡುವ ಕೃಪಾದಾನವಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂಬದು ಆ ತೀರ್ಪಿನ ತಾತ್ಪರ್ಯವಾಗಿತ್ತು.

ಒಂದೇ ಪದವಿಯಲ್ಲಿ ಅಷ್ಟೇ ಕಾಲ ದುಡಿದವರಿಗೆ ಯಾವ ವರುಷದಲ್ಲಿ ನಿವೃತ್ತರಾದರೂ ಒಂದೇ ಪಿಂಚಣಿ ಸಲ್ಲಬೇಕೆಂದು ನಿವೃತ್ತ ಸೈನಿಕರು ಬಹುಕಾಲ ಬೇಡಿದರು. ೨೦೧೫ನೇ ಇಸವಿಯಲ್ಲಿ ಅವರು ದಿಲ್ಲಿಯ ಜಂತರ್ ಮಂತರ್ ಎಂಬಲ್ಲಿ ತಿಂಗಳುಗಟ್ಟಲೆ ಕುಳಿತರು. ಆ ವರುಷದ ನವಂಬರದಲ್ಲಿ ಸರಕಾರದ ಆಜ್ಞೆ ಹೊರಟಿತು. ಪಿಂಚಣಿಯನ್ನು ಐದು ವರುಷಕ್ಕೊಮ್ಮೆ ಸರಿಮಾಡುವೆವೆಂದು ಅದರಲ್ಲಿ ಹೇಳಿತ್ತು. ಐದು ವರುಷದ ಅಂತರದಲ್ಲಿ ಹಿಂದಿನವನು ಪುನಃ ಹಿಂದೆ ಬೀಳುವನೆಂಬದು ಸೈನಿಕರ ಆಕ್ಷೇಪ. ೨೦೨೨ನೇ ಇಸವಿಯ ಮಾರ್ಚ್ ತಿಂಗಳಲ್ಲಿ ನ್ಯಾಯಸ್ಥಾನವು ಆ ಏರ್ಪಾಟಿನಲ್ಲಿ ರಾಜ್ಯಾಂಗಕ್ಕೆ ವಿರುದ್ಧವಾದದ್ದು ಇಲ್ಲವೆಂದಿತು. ಅದು ಸರಿಯಾಗಿರಬಹುದು, ಕಾನೂನಿನಲ್ಲಿ ದೋಷವಿಲ್ಲವೆಂಬದೂ ಅನ್ಯಾಯವಿಲ್ಲವೆಂಬದೂ ಒಂದೇ ಮಾತಲ್ಲವೆಂದು ಮಾತ್ರ ನೆನಪಿಡಬೇಕು.

ಹಾಗಾದರೆ ಕಟ್ಟಳೆಯನ್ನು ಎಂದಿಗೂ ಬದಲಿಸಲೇಬಾರದೋ? ಇದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದದ್ದು ಒಳ್ಳೇ ದೃಷ್ಟಾಂತ. ಅಲ್ಲಿ ಸಾಮಾನುಗಳ ಬೆಲೆ ಏರಿದ ಹಾಗೆ ಸೈನಿಕರ ಪಿಂಚಣಿಯೂ ವರುಷ ವರುಷ ಏರುತ್ತದೆ. ೨೦೧೩ನೇ ಇಸವಿಯ ದಶಂಬರದಲ್ಲಿ, ೬೨ ವಯಸ್ಸು ತುಂಬದ ನಿವೃತ್ತ ಸೈನಿಕರಿಗೆ ಆ ಏರಿಕೆಯಿಂದ ನೂರಕ್ಕೆ ಒಂದರಂತೆ ಕಡಿಮೆಮಾಡುವ ಕಾನೂನು ಆಯಿತು. ದೊಡ್ಡ ಕೂಗೆದ್ದಿತು, ಎರಡೇ ತಿಂಗಳೊಳಗೆ ಶಾಸನಸಭೆಯು ಹಿಂದೆ ಸರಿದು, ೨೦೧೪ನೇ ಇಸವಿಯ ಆರಂಭಕ್ಕೆ ಮುಂಚೆ ದಂಡು ಸೇರಿದವರನ್ನೆಲ್ಲಾ ಅದರಿಂದ ಬಿಡಿಸಿತು. ಆಮೇಲೆ ೨೦೧೮ನೇ ಇಸವಿಯಿಂದ ಹೊಸದಾಗಿ ಸೇರುವವರಿಗೆ ಬೇರೆ ಏರ್ಪಾಟು ಮಾಡಿದರು: ಇಪ್ಪತ್ತು ವರುಷ ಸೇವೆಗೆ ಮೂಲ ಸಂಬಳದ ನೂರಕ್ಕೆ ೫೦ ಇದ್ದ ಪಿಂಚಣಿ ೪೦ಕ್ಕೆ ಇಳಿಯಿತು, ಅದರ ಬದಲಾಗಿ ಪ್ರತಿಯೊಬ್ಬನ ಉಳಿತಾಯದ ಖಾತೆಗೆ ಸರಕಾರವೂ ಹಣ ಹಾಕತೊಡಗಿತು. ಹಿಂದೆ ಕೊಟ್ಟ ಮಾತು ಹಾಗೆಯೇ ಉಳಿಯಿತು. ಮುಂದೆ ಬರುವವನು ಬಾಗಲಲ್ಲಿಯೇ ಹೊಸ ಮಾತನ್ನು ಕೇಳಿ ಒಳಗೆ ಬರುತ್ತಾನೆ. ಬದಲಿಸಬೇಕಾದರೆ ಹೀಗೆ ಬದಲಿಸುವದು ಯುಕ್ತವೆಂದು ನಾನೂ ಒಪ್ಪುತ್ತೇನೆ.

ಆದರೆ ಅಷ್ಟರಿಂದ ಮನಸ್ಸಾಕ್ಷಿಯ ಕೆಲಸ ತೀರಿತೋ? ೨೦೨೨ನೇ ಇಸವಿ ಜೂನ್ ೧೪ರಂದು ನಮ್ಮ ಸರಕಾರವು ಅಗ್ನಿಪಥವೆಂಬ ಯೋಜನೆಯನ್ನು ಪ್ರಕಟಿಸಿತು. ಅದರ ಪ್ರಕಾರ ಎಳೆಯರನ್ನು ನಾಲ್ಕು ವರುಷಕ್ಕೆ ಸೇರಿಸಿಕೊಂಡು, ಕಡೆಗೆ ನೂರಕ್ಕೆ ೨೫ ಮಂದಿಯನ್ನು ಮೀರದಂತೆ ಇಟ್ಟುಕೊಂಡು ಉಳಿದವರನ್ನು ಕಳುಹಿಸುವದು. ಹೋಗುವವರಿಗೆ ಪಿಂಚಣಿಯಿಲ್ಲ, ಸುಮಾರು ೧೧.೭೧ ಲಕ್ಷ ರೂಪಾಯಿಯ ಒಂದು ಗಂಟು. ಈ ಗಂಟಿನ ಅಸಲಿನಲ್ಲಿ ಅರ್ಧಪಾಲು ಆ ಹುಡುಗನ ಸಂಬಳದಿಂದಲೇ ತಿಂಗಳಿಗೆ ನೂರಕ್ಕೆ ೩೦ರಂತೆ ಹಿಡಿದದ್ದು. ಹಳೆಯ ಸಿಪಾಯಿಗಳ ಪಿಂಚಣಿಯನ್ನು ಇದು ಮುಟ್ಟಲಿಲ್ಲ. ಸೈನ್ಯವು ಎಳೆಯದಾಗಬೇಕೆಂದು ಸರಕಾರದವರು ಕಾರಣ ಹೇಳಿದರು. ಖರ್ಚಿನ ಸಂಗತಿಯೂ ಇತ್ತು. ೨೦೨೨–೨೩ರ ರಕ್ಷಣಾ ಆಯವ್ಯಯದ ಸುಮಾರು ೫.೨೫ ಲಕ್ಷ ಕೋಟಿಯಲ್ಲಿ ಪಿಂಚಣಿಗೇ ೧.೧೯ ಲಕ್ಷ ಕೋಟಿಗೂ ಮಿಕ್ಕಿ ಹೋಗಬೇಕಾಗಿತ್ತು. ಈ ಭಾರವು ಸುಳ್ಳಲ್ಲ. ಪಿಂಚಣಿಗೆ ಹೋದ ರೂಪಾಯಿಯಿಂದ ಗಡಿಯಲ್ಲಿ ನಿಂತವನಿಗೆ ಬಂದೂಕು ಕೊಳ್ಳಲಾಗುವದಿಲ್ಲ.

ಆದರೂ ಹಳಬರಿಗೂ ಹೊಸಬರಿಗೂ ನಡುವೆ ನಿಂತವರು ಕೆಲವರಿದ್ದರು. ಸಾಂಕ್ರಾಮಿಕ ರೋಗದ ನಿಮಿತ್ತ ದಂಡಿಗೆ ಸೇರಿಸುವ ಕೆಲಸವು ೨೦೨೦ರಿಂದ ನಿಂತಿತ್ತು. ಅದಕ್ಕೆ ಮುಂಚೆ ಹಾಗೂ ಅದರ ನಡುವೆ ಎಷ್ಟೋ ಹುಡುಗರು ಓಟದಲ್ಲಿ ಗೆದ್ದು, ವೈದ್ಯರ ಪರೀಕ್ಷೆಯಲ್ಲಿ ತೇರಿ, ಇನ್ನುಳಿದ ಲಿಖಿತ ಪರೀಕ್ಷೆಗಾಗಿಯೋ ನೇಮಕದ ಕಾಗದಕ್ಕಾಗಿಯೋ ಕಾದಿದ್ದರು. ಹೊಸ ಯೋಜನೆ ಬಂದಾಗ ಆ ಹಳೆಯ ಸಾಲುಗಳೆಲ್ಲಾ ರದ್ದಾದವು. ಅವರಲ್ಲಿ ಕೆಲವರು ನ್ಯಾಯಸ್ಥಾನಕ್ಕೆ ಹೋದರು. ನೇಮಕದ ಹಕ್ಕು ಅವರಿಗೆ ಹುಟ್ಟಿರಲಿಲ್ಲವೆಂದು ದಿಲ್ಲಿಯ ಹೈಕೋರ್ಟು ೨೦೨೩ನೇ ಇಸವಿಯ ಫೆಬ್ರವರಿಯಲ್ಲಿ ತೀರ್ಪಿತ್ತಿತು, ಪರಮೋಚ್ಚ ನ್ಯಾಯಸ್ಥಾನವೂ ಅದನ್ನು ಬದಲಿಸಲಿಲ್ಲ. ಕಾನೂನಿಗೆ ಕಾಗದ ಬೇಕು. ಅದು ನ್ಯಾಯಾಧೀಶರ ತಪ್ಪಲ್ಲ. ಆದರೆ ಬಾ ಎಂದು ಕರೆದು, ಓಡಿಸಿ, ಎದೆ ಅಳೆದು, ಎರಡು ವರುಷ ಬಾಗಲಲ್ಲಿ ನಿಲ್ಲಿಸಿದವನು ಬಾಯಿಂದ ಮಾತು ಕೊಡದಿದ್ದರೂ ಕೈಯಿಂದ ಕೊಟ್ಟಂತಾಯಿತಲ್ಲವೇ? ಅಷ್ಟರಲ್ಲಿ ಅನೇಕರ ವಯಸ್ಸು ಮೀರಿತು. ಆ ವರುಷಕ್ಕೆ ಮಾತ್ರ ವಯಸ್ಸಿನ ಮೇರೆಯನ್ನು ೨೧ರಿಂದ ೨೩ಕ್ಕೆ ಏರಿಸಿದ್ದನ್ನು ನೋಡಿದರೆ, ಇವರಿಗೆ ಏನೋ ಸಲ್ಲಬೇಕಾಗಿದೆ ಎಂಬ ಅರಿವು ಸರಕಾರಕ್ಕೂ ಇತ್ತೆಂದು ತೋರುತ್ತದೆ.

ಇನ್ನು ಹೊಸದಾಗಿ ಸೇರುವವನು ತಿಳಿದೇ ಒಪ್ಪಿದನಲ್ಲಾ ಎಂದು ಕೆಲವರು ಹೇಳುತ್ತಾರೆ. ಬೇರೆ ಹೊಲವಿಲ್ಲದ ಆಳು ಜೋಳವಿಲ್ಲದ ಕೂಲಿಗೂ ಒಪ್ಪುತ್ತಾನೆ; ಒಪ್ಪಿದ್ದರಿಂದ ಕೂಲಿಯು ಸಾಕಾದದ್ದಾಗುವದಿಲ್ಲ. ಹದಿನೇಳೂವರೆ ವಯಸ್ಸಿನ ಹುಡುಗನ ಒಪ್ಪಿಗೆಯ ಮೇಲೆ ಇಷ್ಟು ಭಾರ ಹೊರಿಸುವದು ನನಗೆ ಸರಿಯಾಗಿ ಕಾಣುವದಿಲ್ಲ. ಒಂದೇ ಕಾವಲುಠಾಣ್ಯದಲ್ಲಿ ಹಳೆಯ ಕಟ್ಟಳೆಯವನೂ ಹೊಸ ಕಟ್ಟಳೆಯವನೂ ಒಟ್ಟಿಗೆ ನಿಂತು ಶತ್ರುವಿನ ಗುಂಡಿಗೆ ಬಿದ್ದರೆಂದು ತಿಳಿಯಿರಿ. ಮೊದಲನೆಯವನ ಹೆಂಡತಿಗೆ ತಿಂಗಳು ತಿಂಗಳಿಗೆ ಪಿಂಚಣಿ ಉಂಟು. ಎರಡನೆಯವನ ಮನೆಯವರಿಗೆ ೪೮ ಲಕ್ಷದ ವಿಮೆಯೂ ಬೇರೆ ಪರಿಹಾರವೂ ಒಂದೇ ಸಾರಿ ಸಲ್ಲುವದೆಂದು ಯೋಜನೆಯಲ್ಲಿ ಬರೆದಿದೆ, ಪಿಂಚಣಿಯನ್ನು ಬರೆದಿಲ್ಲ. ಗಂಟು ದೊಡ್ಡದೇ. ಆದರೆ ದೊಡ್ಡ ಗಂಟು ಸಾಲಗಾರರ, ನೆಂಟರ ನಡುವೆ ಎಷ್ಟು ದಿನ ಉಳಿಯುವದೆಂದು ಹಳ್ಳಿಯಲ್ಲಿ ಬಾಳುವ ನಿಮಗೆ ಹೇಳಬೇಕಾದದ್ದಿಲ್ಲ. ಪಾರ್ಲಿಮೆಂಟಿನ ರಕ್ಷಣಾ ಸ್ಥಾಯಿಸಮಿತಿಯು ೨೦೨೪ನೇ ಇಸವಿಯಲ್ಲಿ, ಕರ್ತವ್ಯದಲ್ಲಿ ಸತ್ತ ಅಗ್ನಿವೀರರ ಮನೆಯವರಿಗೂ ಮಿಕ್ಕ ಸಿಪಾಯಿಗಳ ಮನೆಯವರಂತೆಯೇ ಪಿಂಚಣಿ ಸಲ್ಲಬೇಕೆಂದು ಶಿಫಾರಸು ಮಾಡಿತು.