ನಿತ್ಯಪುಷ್ಪದ ಋಣ ಯಾರಿಗೆ?



ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಅಗಲಿದವರ ಸಮಾಧಿಗೆ ಹೂವು ಮೇಣದಬತ್ತಿ ಹಿಡಿದು ಹೋದಾಗ ನಿಮ್ಮ ಕಾಲ ಬಳಿ ಒಂದು ಪುಟ್ಟ ಗಿಡವನ್ನು ನೀವು ಕಂಡಿರಬಹುದು. ಯಾರೂ ನೆಡದಿದ್ದರೂ ಅದು ಕಲ್ಲಿನ ಸಂದಿಯಲ್ಲಿ ಬೆಳೆಯುತ್ತದೆ. ಯಾರೂ ನೀರೆರೆಯದಿದ್ದರೂ ವರ್ಷವಿಡೀ ಬಿಳಿ ಅಥವಾ ನಸುಗೆಂಪು ಬಣ್ಣದ ಐದೆಸಳಿನ ಹೂ ಬಿಡುತ್ತದೆ. ಅದಕ್ಕೇ ಅದರ ಹೆಸರು ನಿತ್ಯಪುಷ್ಪ. ಕೆಲವು ಕಡೆ ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ದನಕರುಗಳೂ ಬಾಯಿ ಹಾಕದ ಈ ಗಿಡಕ್ಕೆ ನಾವು ಯಾರೂ ಬೆಲೆ ಕಟ್ಟುವುದಿಲ್ಲ.

ಕಳೆದ ವರ್ಷ ಅದೇ ದಿನ ಸ್ಮಶಾನದ ಬಾಗಿಲಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದರು. ಅವರ ಏಳು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್. ಆಸ್ಪತ್ರೆಗೂ ಮನೆಗೂ ಅಲೆದು ಸೋತಿದ್ದ ಆ ತಾಯಿ ಕೈಯಲ್ಲಿ ಈ ಹೂವನ್ನು ಹಿಡಿದು, "ಸ್ವಾಮಿ, ನನ್ನ ಮಗನಿಗೆ ಕೊಡುವ ಔಷಧಿಯಲ್ಲಿ ಒಂದು ಈ ಗಿಡದಿಂದಲೇ ಬಂದದ್ದೆಂದು ನರ್ಸಮ್ಮ ಹೇಳಿದರು. ನಿಜವೇ?" ಎಂದು ಕೇಳಿದರು. ನಿಜವೆಂದೆ. "ಹಾಗಾದರೆ ಅದನ್ನು ನಮಗೆ ಕೊಟ್ಟವರಿಗಾಗಿ ಪ್ರಾರ್ಥಿಸಬೇಕು. ಅವರು ಯಾರು ಸ್ವಾಮಿ?" ಎಂದರು.

ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕೊಟ್ಟವರು ಯಾರು?

ನಿತ್ಯಪುಷ್ಪದ ತವರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. 18ನೆಯ ಶತಮಾನದಲ್ಲಿ ಅದು ಯುರೋಪಿನ ಸಸ್ಯೋದ್ಯಾನಗಳನ್ನು ಸೇರಿತು. ಹಡಗುಗಳೊಂದಿಗೆ ಉಷ್ಣ ದೇಶಗಳಿಗೆಲ್ಲ ಹರಡಿ, ಹೋದಲ್ಲೆಲ್ಲ ಊರಿನ ಗಿಡವೇ ಆಗಿಬಿಟ್ಟಿತು. ಜಮೈಕದ ಜನ ಸಕ್ಕರೆ ಕಾಯಿಲೆಗೆ ಅದರ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆಲವು ಎಲೆಗಳು ಕೆನಡಕ್ಕೆ ತಲುಪಿದವು. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿಯ ಕಣಗಳು ಇಳಿದವು. ಅದರ ಜಾಡು ಹಿಡಿದು 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಎಂಬ ಔಷಧವನ್ನು ಬೇರ್ಪಡಿಸಿದರು. ಅಮೆರಿಕದ ಎಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳೂ ಇದೇ ಗಿಡದ ಮೇಲೆ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದರು. ಅವರು ಕಂಡುಹಿಡಿದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೆ ಮೊದಲು ರಕ್ತದ ಕ್ಯಾನ್ಸರ್ ತಗಲಿದ ಮಕ್ಕಳು ಉಳಿಯುತ್ತಿದ್ದುದು ತೀರ ವಿರಳ. ಇಂದು ಈ ಔಷಧವನ್ನು ಬೇರೆ ಔಷಧಗಳೊಡನೆ ಸೇರಿಸಿ ಕೊಡುವುದರಿಂದ, ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಆ ಕಾಯಿಲೆಯ ಮಕ್ಕಳಲ್ಲಿ 100ಕ್ಕೆ ಸುಮಾರು 90 ಮಂದಿ ಬದುಕುತ್ತಾರೆ.

ಕಂಪನಿ ಲಾಭ ಗಳಿಸಿತು. ಮಡಗಾಸ್ಕರಿಗಾಗಲಿ, ಎಲೆಯ ಕಷಾಯ ಕುಡಿಯುತ್ತಿದ್ದ ಬಡವರಿಗಾಗಲಿ ಅದರಲ್ಲಿ ಪಾಲು ಹೋಗಲಿಲ್ಲ.

ಇದು ಅನ್ಯಾಯವೇ? ಅವಸರದಲ್ಲಿ ತೀರ್ಪು ಕೊಡಬೇಡಿ. ಯಾರೂ ಬೇಲಿ ಹಾರಿ ಕದಿಯಲಿಲ್ಲ. ಗಿಡ ಎಲ್ಲೆಲ್ಲೂ ಬೆಳೆದಿತ್ತು. ಕಷಾಯ ಕುಡಿಯುತ್ತಿದ್ದವರಿಗೆ ಅದು ಕ್ಯಾನ್ಸರಿಗೆ ಮದ್ದೆಂದು ಗೊತ್ತಿರಲಿಲ್ಲ. ವರ್ಷಗಟ್ಟಲೆ ದುಡಿದವರು ವಿಜ್ಞಾನಿಗಳು, ಹಣ ಹೂಡಿದ್ದು ಕಂಪನಿ. ಅವರ ಶ್ರಮಕ್ಕೆ ಪ್ರತಿಫಲ ಸಲ್ಲಲೇಬೇಕು. ಆದರೆ ಪ್ರತಿಫಲವೆಲ್ಲ ಅವರೊಬ್ಬರಿಗೇ ಸಲ್ಲಬೇಕೇ ಎಂಬುದು ನಮ್ಮ ಪ್ರಶ್ನೆ.

ಎಲ್ಲರದ್ದು ಎಂದರೆ ಯಾರದ್ದು?

ಪ್ರತಿಯೊಬ್ಬರಿಗೂ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢ ಮನಸ್ಸೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಮನುಷ್ಯ ಸೊತ್ತನ್ನು ತನ್ನದಾಗಿ ಇಟ್ಟುಕೊಂಡು ನಿರ್ವಹಿಸಬಹುದು, ಆದರೆ ಬಳಸುವಾಗ ಅದು ಎಲ್ಲರಿಗಾಗಿ ಇರುವುದೆಂಬ ಎಚ್ಚರ ಅವನಿಗಿರಬೇಕು ಎಂದೂ ಅವರು ಹೇಳಿದರು. ಈ ಎರಡು ಮಾತನ್ನು ಜೊತೆಗಿಟ್ಟು ನೋಡಿ.

ಕಾಡಿನ ಗಿಡಮೂಲಿಕೆ, ಬೀಜ, ಜೀವಜಂತುಗಳು ಮನುಕುಲದ ಸಾಮಾನ್ಯ ಸೊತ್ತು ಎಂದೇ ಬಹುಕಾಲ ಜಗತ್ತು ಭಾವಿಸಿತ್ತು. ಕೇಳಲು ಇಂಪಾದ ಮಾತು. ಆದರೆ ಆಚರಣೆಯಲ್ಲಿ ಅದರ ಅರ್ಥ ಬೇರೆಯಾಯಿತು. ಬಡ ದೇಶದ ಗಿಡ ಎಲ್ಲರದ್ದು, ಅದರಿಂದ ತೆಗೆದ ಔಷಧ ಮಾತ್ರ ಪೇಟೆಂಟ್ ಹಿಡಿದವನದ್ದು. ಊರಿನ ಕೆರೆ ಎಲ್ಲರದ್ದು ಎಂದು ಹೇಳಿ, ಪಂಪು ಇದ್ದವನು ರಾತ್ರಿಯಿಡೀ ನೀರೆತ್ತಿ ಬೆಳಿಗ್ಗೆ ಅದೇ ಊರಿಗೆ ಬಿಂದಿಗೆ ಲೆಕ್ಕದಲ್ಲಿ ಮಾರಿದಂತೆ. ಎಲ್ಲರದ್ದೆಂದರೆ ಮೊದಲು ಬಂದವನದ್ದು ಎಂದಲ್ಲ. ಎಲ್ಲರದ್ದನ್ನು ಬಳಸುವವನು ಎಲ್ಲರಿಗೂ ಲೆಕ್ಕ ಒಪ್ಪಿಸಬೇಕು.

ಒಂದು ಔಷಧದ ಹಿಂದೆ ಮೂವರ ದುಡಿಮೆ ಇರುತ್ತದೆ. ಗಿಡ ಬೆಳೆಯುವ ನೆಲವನ್ನು ಕಡಿಯದೆ ಉಳಿಸಿಕೊಂಡವರು, ಅದರ ಗುಣವನ್ನು ತಲೆತಲಾಂತರದಿಂದ ನೆನಪಿಟ್ಟುಕೊಂಡವರು, ಮತ್ತು ಪ್ರಯೋಗಶಾಲೆಯಲ್ಲಿ ಅದನ್ನು ಔಷಧವಾಗಿಸಿದವರು. ಮೂರನೆಯವನಿಗೆ ಮಾತ್ರ ಕೂಲಿ ಕೊಟ್ಟರೆ ಮೊದಲಿನ ಇಬ್ಬರು ಎಷ್ಟು ದಿನ ದುಡಿದಾರು? ಕಾಡು ಉಳಿಸಿದವನ ಮನೆಯಲ್ಲಿ ಒಲೆ ಉರಿಯದಿದ್ದರೆ ಅವನೇ ಒಂದು ದಿನ ಕೊಡಲಿ ಎತ್ತುತ್ತಾನೆ. ಸುಮಾರು 10 ಲಕ್ಷ ಜೀವಜಾತಿಗಳು ಅಳಿವಿನ ಅಪಾಯದಲ್ಲಿವೆ ಎಂದು 2019ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನಿಗಳ ವೇದಿಕೆಯೊಂದು ಎಚ್ಚರಿಸಿತು. ಅವುಗಳಲ್ಲಿ ಎಷ್ಟು ನಿತ್ಯಪುಷ್ಪಗಳಿವೆಯೋ ದೇವರೇ ಬಲ್ಲ.

ಅಗಸ್ತ್ಯಮಲೈಯ ಪಾಠ

ಹೀಗೆ ಪಾಲು ಕೊಡುವುದು ಸಾಧ್ಯವೇ? ನಮ್ಮ ನೆರೆಯ ಕೇರಳದಲ್ಲಿ ಒಮ್ಮೆ ಪ್ರಯತ್ನ ನಡೆಯಿತು. 1987ರಲ್ಲಿ ಡಾ. ಪುಷ್ಪಾಂಗದನ್ ಅವರ ನೇತೃತ್ವದ ವಿಜ್ಞಾನಿಗಳು ಅಗಸ್ತ್ಯಮಲೈಯ ಕಾಡು ಹತ್ತುತ್ತಿದ್ದರು. ಅವರು ಏದುಸಿರು ಬಿಡುತ್ತಿದ್ದಾಗ ದಾರಿ ತೋರಿಸಲು ಬಂದಿದ್ದ ಕಾಣಿ ಬುಡಕಟ್ಟಿನವರು ಒಂದು ಕಾಯನ್ನು ಅಗಿಯುತ್ತ ಆಯಾಸವಿಲ್ಲದೆ ನಡೆಯುತ್ತಿದ್ದರು. ಬಹಳ ಕೇಳಿಕೊಂಡ ಮೇಲೆ ಅವರು ಆರೋಗ್ಯಪಚ್ಚ ಎಂಬ ಆ ಗಿಡವನ್ನು ತೋರಿಸಿದರು. ತಿರುವನಂತಪುರದ ಬಳಿಯ ಪಾಲೋಡಿನಲ್ಲಿರುವ ಸರಕಾರಿ ಸಸ್ಯ ಸಂಶೋಧನಾ ಸಂಸ್ಥೆಯು ಅದರಿಂದ 'ಜೀವನಿ' ಎಂಬ ಔಷಧವನ್ನು ತಯಾರಿಸಿ, 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿ ಶುಲ್ಕ ಮತ್ತು ಮಾರಾಟದ ಮೇಲೆ ಶೇಕಡ 2ರ ಗೌರವಧನಕ್ಕೆ ಒಪ್ಪಿಸಿತು. ಆ ಹಣದಲ್ಲಿ ಅರ್ಧ ಕಾಣಿ ಜನರಿಗೆ ಸಲ್ಲಬೇಕೆಂದು ಸಂಸ್ಥೆ ತೀರ್ಮಾನಿಸಿತು. ಅದಕ್ಕಾಗಿ 1997ರಲ್ಲಿ ಅವರದೇ ಒಂದು ಟ್ರಸ್ಟ್ ನೋಂದಣಿಯಾಯಿತು. 2002ರಲ್ಲಿ ಈ ಕಾರ್ಯಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂದಿತು.

ಆದರೂ ಕಥೆ ಸುಖಾಂತ್ಯವಾಗಲಿಲ್ಲ. ಬೇಡಿಕೆ ಹೆಚ್ಚಿದಂತೆ ಹೊರಗಿನವರು ಕಾಡಿನ ಗಿಡಗಳನ್ನು ಕಿತ್ತೊಯ್ದರು. ಕಾಣಿಗಳು ಆ ಗಿಡವನ್ನು ಬೆಳೆದು ಮಾರಲು ಅರಣ್ಯ ಇಲಾಖೆಯ ನಿಯಮಗಳು ಅಡ್ಡಿಯಾದವು. ತಮ್ಮನ್ನು ಯಾರೂ ಕೇಳಲಿಲ್ಲವೆಂದು ಅದೇ ಸಮುದಾಯದ ಕೆಲವರು ನೊಂದುಕೊಂಡರು. ಅಮೆರಿಕದಲ್ಲಿ ಬೇರೊಬ್ಬರು 'ಜೀವನಿ' ಎಂಬ ಹೆಸರನ್ನೇ ತಮ್ಮದಾಗಿ ನೋಂದಾಯಿಸಿಕೊಂಡಾಗ ಇಲ್ಲಿಂದ ತಡೆಯಲಾಗಲಿಲ್ಲ. ಒಳ್ಳೆಯ ಮನಸ್ಸಿನ ಒಂದು ಸಂಸ್ಥೆ ಮಾತ್ರ ಸಾಲದು. ಗಡಿ ದಾಟಿ ಹೋಗುವ ಲಾಭಕ್ಕೆ ಗಡಿ ದಾಟುವ ನ್ಯಾಯವೂ ಬೇಕು.

ಈ ಕಾರಣಕ್ಕೇ ರಾಷ್ಟ್ರಗಳು ಒಟ್ಟು ಕುಳಿತವು. 1992ರಲ್ಲಿ ರಿಯೋ ಡಿ ಜನೈರೊ ನಗರದಲ್ಲಿ ಸಹಿಗೆ ಬಂದ ಜೀವವೈವಿಧ್ಯ ಒಪ್ಪಂದವು ಪ್ರತಿಯೊಂದು ದೇಶಕ್ಕೂ ತನ್ನ ಜೀವಸಂಪತ್ತಿನ ಮೇಲೆ ಅಧಿಕಾರವಿದೆ ಎಂದು ಸಾರಿತು. ಉಳಿಸುವುದು, ಹಾಳಾಗದಂತೆ ಬಳಸುವುದು, ಬಂದ ಲಾಭವನ್ನು ನ್ಯಾಯವಾಗಿ ಹಂಚುವುದು ಎಂಬ ಮೂರು ಗುರಿಗಳನ್ನು ಇಟ್ಟಿತು. 2010ರ ನಗೋಯಾ ಒಪ್ಪಂದವು ಹಂಚಿಕೆಯ ನಿಯಮಗಳನ್ನು ಬಿಡಿಸಿ ಹೇಳಿತು. 2022ರಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ರಾಷ್ಟ್ರಗಳು ದೊಡ್ಡ ಕಂಪನಿಗಳು ತಮ್ಮ ವ್ಯಾಪಾರದಿಂದ ಜೀವಸಂಕುಲಕ್ಕಾಗುವ ಹಾನಿಯನ್ನು ಲೆಕ್ಕಹಾಕಿ ಬಹಿರಂಗಪಡಿಸುವಂತೆ ಮಾಡಬೇಕೆಂದು ಒಪ್ಪಿಕೊಂಡವು.

ಈಗ ಕಾಡಿಗೆ ಕಾಲಿಡದೆಯೇ, ಕಂಪ್ಯೂಟರಿನಲ್ಲಿ ಸಂಗ್ರಹವಾಗಿರುವ ವಂಶವಾಹಿಗಳ ವಿವರದಿಂದಲೇ ಔಷಧ ತಯಾರಿಸಬಹುದು. ಅಂಥ ಲಾಭದಲ್ಲೂ ಪಾಲು ಸಲ್ಲಲೆಂದು 2025ರ ಫೆಬ್ರವರಿಯಲ್ಲಿ ರೋಮಿನಲ್ಲಿ ಒಂದು ನಿಧಿ ಆರಂಭವಾಯಿತು. ದೊಡ್ಡ ಕಂಪನಿಗಳು ಲಾಭದ ಶೇಕಡ 1ರಷ್ಟನ್ನೋ ಆದಾಯದ ಶೇಕಡ 0.1ರಷ್ಟನ್ನೋ ಕೊಡಬೇಕೆಂಬುದು ಅದರ ಸಲಹೆ. ಆದರೆ ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ಅಮೆರಿಕ ಮೂಲ ಒಪ್ಪಂದಕ್ಕೇ ಸೇರಿಲ್ಲ. ನಮ್ಮ ಧರ್ಮಪೀಠವಾದ ವ್ಯಾಟಿಕನ್ ಕೂಡ ಅದರ ಸದಸ್ಯನಲ್ಲ, ವೀಕ್ಷಕ ಮಾತ್ರ. ಜಗದ್ಗುರು ಫ್ರಾನ್ಸಿಸ್ ಅವರು 2015ರ ತಮ್ಮ ವಿಶ್ವಪತ್ರದಲ್ಲಿ ಅಳಿದುಹೋಗುತ್ತಿರುವ ಜೀವಜಾತಿಗಳ ಬಗ್ಗೆ ಅಷ್ಟು ಕಳಕಳಿಯಿಂದ ಬರೆದ ಮೇಲೂ ಈ ಕೊರತೆ ಉಳಿದಿದೆ. ಬೇರೆಯವರಿಗೆ ಬೋಧಿಸುವಾಗ ನಾವು ಇದನ್ನು ಮರೆಯಬಾರದು.

ದಾನ ಬೇರೆ, ಋಣ ಬೇರೆ

ಕಡ್ಡಾಯವಲ್ಲದ್ದನ್ನು ಕೊಟ್ಟರೆ ಅದು ದಾನವಾಗುತ್ತದೆ. ಕೊಡಲೇಬೇಕಾದುದನ್ನು ಕೊಟ್ಟರೆ ಋಣ ತೀರುತ್ತದೆ. ಇವೆರಡನ್ನು ಬೆರೆಸಿಬಿಡುವುದೇ ಇಂದಿನ ವ್ಯಾಪಾರಲೋಕದ ದೊಡ್ಡ ಗೊಂದಲವೆಂದು ನನಗೆ ತೋರುತ್ತದೆ. ಕಾಡಿನಿಂದ ಕಚ್ಚಾವಸ್ತು ತರುವ ಕಂಪನಿ ಶಾಲೆಗೆ ಬೆಂಚು ಕೊಡುತ್ತದೆ, ರಸ್ತೆ ಬದಿ ಸಸಿ ನೆಡುತ್ತದೆ, ಫೋಟೊ ತೆಗೆಸಿಕೊಳ್ಳುತ್ತದೆ. ಬೆಂಚು ಒಳ್ಳೆಯದೇ, ಸಸಿಯೂ ಒಳ್ಳೆಯದೇ. ಆದರೆ ಮೂಲಿಕೆ ಕೊಟ್ಟ ಹಾಡಿಯ ಪಾಲು ಅದರಿಂದ ತೀರಲಿಲ್ಲ.

ಸಂತ ಲೂಕರ ಶುಭಸಂದೇಶದ ಜಕ್ಕಾಯನನ್ನು ನೆನಪಿಸಿಕೊಳ್ಳಿ. ಯೇಸು ತನ್ನ ಮನೆಗೆ ಬಂದಾಗ ಅವನು ಎರಡು ಮಾತು ಕೊಡುತ್ತಾನೆ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದು ಒಂದು, ತಾನು ಯಾರಿಗೆ ಮೋಸ ಮಾಡಿದ್ದನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುವುದು ಇನ್ನೊಂದು. ಬಡವರಿಗೆ ಕೊಟ್ಟೆನಲ್ಲ, ಹಳೆಯ ಲೆಕ್ಕ ಮುಗಿಯಿತು ಎಂದು ಅವನು ಹೇಳಲಿಲ್ಲ. ಪಾಪನಿವೇದನೆಗೆ ಬಂದವರಿಗೆ ನಾವು ಗುರುಗಳು ಹೇಳುವುದೂ ಇದನ್ನೇ: ಕದ್ದ ಹಣವನ್ನು ಕಾಣಿಕೆ ಡಬ್ಬಿಗೆ ಹಾಕಿದರೆ ಸಾಲದು, ಕಳೆದುಕೊಂಡವನಿಗೆ ಮುಟ್ಟಿಸಬೇಕು.

ಈ ಮಾತನ್ನು ದೂರದ ಕಂಪನಿಗಳಿಗೆ ಮಾತ್ರ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಮ್ಮ ದೇಶ ಹೋರಾಡಿ 1997ರಲ್ಲಿ ರದ್ದು ಮಾಡಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ನಮ್ಮದೇ ಒಂದು ದೊಡ್ಡ ಔಷಧ ಕಂಪನಿ, ತಾನು ಭಾರತೀಯ ಕಂಪನಿಯಾದ್ದರಿಂದ ಹಳ್ಳಿಗರಿಗೆ ಲಾಭದ ಪಾಲು ಕೊಡಬೇಕಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿತ್ತು. ಕೊಡಲೇಬೇಕೆಂದು ಉತ್ತರಾಖಂಡ ಹೈಕೋರ್ಟು 2018ರಲ್ಲಿ ತೀರ್ಪು ನೀಡಿತು. ಮುಂದೆ 2023ರಲ್ಲಿ ನಮ್ಮ ಜೀವವೈವಿಧ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಗ್ರಂಥಗಳಲ್ಲಿ ದಾಖಲಾದ ಪಾರಂಪರಿಕ ಜ್ಞಾನವನ್ನು ಬಳಸುವವರಿಗೆ ಈ ಹೊಣೆಯಿಂದ ವಿನಾಯಿತಿ ಸಿಕ್ಕಿತು. ಕಾನೂನು ವಿನಾಯಿತಿ ಕೊಟ್ಟಿರಬಹುದು. ಮನಸ್ಸಾಕ್ಷಿ ಕೊಡುತ್ತದೆಯೇ?

ನೀವು ಏನು ಮಾಡಬಹುದು? 2002ರ ಆ ಕಾಯ್ದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ತಳಿ, ನಾಟಿ ಮದ್ದುಗಳನ್ನು ದಾಖಲಿಸುವ ದಫ್ತರ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ದಫ್ತರವನ್ನು ತೋರಿಸಲು ಕೇಳಿ. ನಾಟಿ ಮದ್ದು ಬಲ್ಲ ಹಿರಿಯರ ಹೆಸರು ಅದರಲ್ಲಿದೆಯೇ ನೋಡಿ. ನಿಮ್ಮಲ್ಲಿ ಕಂಪನಿಗಳಲ್ಲಿ ದುಡಿಯುವವರು, ಷೇರು ಕೊಂಡವರು ಇದ್ದೀರಿ. ಕಚ್ಚಾವಸ್ತು ಎಲ್ಲಿಂದ ಬರುತ್ತದೆ, ತಂದುಕೊಟ್ಟವರಿಗೆ ಏನು ಸಲ್ಲುತ್ತದೆ ಎಂದು ಒಮ್ಮೆ ಕೇಳಿ. ಕೇಳುವವರಿದ್ದಾರೆಂದು ತಿಳಿದರೆ ಲೆಕ್ಕ ಬರೆಯುವವನ ಕೈ ಸ್ವಲ್ಪ ನೆಟ್ಟಗಾಗುತ್ತದೆ.

ಆ ತಾಯಿಗೆ ಈಗ ನಾನು ಉತ್ತರ ಕೊಟ್ಟಿದ್ದೇನೆ. "ಅಮ್ಮ, ಹೆಸರು ಗೊತ್ತಿರುವವರು ಇಬ್ಬರು ಮೂವರು. ಹೆಸರು ಗೊತ್ತಿಲ್ಲದವರು ಸಾವಿರಾರು ಮಂದಿ. ಎಲ್ಲರಿಗಾಗಿಯೂ ಪ್ರಾರ್ಥಿಸಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರಾರ್ಥನೆಯಿಂದ ಅವರ ಸಾಲ ತೀರುತ್ತದೆಯೇ ಸ್ವಾಮಿ?" ಎಂದರು. ತೀರುವುದಿಲ್ಲ ಎಂದೆ.

ಮಗನ ಚಿಕಿತ್ಸೆ ಇನ್ನೂ ನಡೆಯುತ್ತಿದೆ. ವಾರದಲ್ಲಿ ಕೆಲವು ದಿನ ಅವನು ಶಾಲೆಗೆ ಬರುತ್ತಾನೆ. ಈ ವರ್ಷ ಸ್ಮಶಾನ ಶುಚಿ ಮಾಡುವ ಯುವಕರಿಗೆ ನಾನೊಂದು ಮಾತು ಹೇಳಿದ್ದೇನೆ: ಹುಲ್ಲು ಕೊಯ್ಯಿರಿ, ಆದರೆ ನಿತ್ಯಪುಷ್ಪವನ್ನು ಕೀಳಬೇಡಿ.