ಕಾಣದಿರುವುದೂ ಇಲ್ಲದಿರುವುದೂ
ದೊಡ್ಡ ತಂತ್ರಾಂಶ ಸಂಸ್ಥೆಯೊಂದು ತನ್ನ ಕೃತಿಯನ್ನು ತಾನೇ ಪರೀಕ್ಷಿಸಿ ‘ರಂಧ್ರವಿಲ್ಲ’ವೆಂದರೆ ನಂಬಬಹುದೆ ಎಂಬುದು ವಿಚಾರಾರ್ಹವಾದ ವಿಷಯವು. ಗಡಿಗೆಯು ಕಾಣದಿದ್ದರೆ ಅದು ಇಲ್ಲವೆಂದು ತಿಳಿಯುವುದನ್ನು ಭಾಟ್ಟ ಮೀಮಾಂಸಕರು ಅನುಪಲಬ್ಧಿಯೆಂಬ ಪ್ರಮಾಣವೆನ್ನುವರು. ಆದರೆ ಇದ್ದಿದ್ದರೆ ಕಾಣುವಂತಿರಬೇಕೆಂಬುದು ಅದಕ್ಕೆ ನಿಯಮ. ಕತ್ತಲೆಯ ಕೋಣೆಯಲ್ಲಿ ಆ ಪ್ರಮಾಣವು ಸಲ್ಲದು. ಲಕ್ಷಾಂತರ ಸಾಲುಗಳ ತಂತ್ರಾಂಶವು ಅಂತಹ ಕೋಣೆಯೇ ಸರಿ. ಓಪನ್‌ಎಸ್‌ಎಸ್‌ಎಲ್ ಎಂಬ ರಹಸ್ಯರಕ್ಷಕ ತಂತ್ರಾಂಶದಲ್ಲಿ 2012ರಲ್ಲಿ ಹೊಕ್ಕ ‘ಹಾರ್ಟ್‌ಬ್ಲೀಡ್’ ದೋಷವು, ಗೂಗಲ್, ಯಾಹೂಗಳಂತಹ ಸಂಸ್ಥೆಗಳೇ ಅದನ್ನು ಬಳಸುತ್ತಿದ್ದರೂ, 2014ರ ಏಪ್ರಿಲಿನವರೆಗೆ ಬಯಲಾಗಲಿಲ್ಲ. ಕಡೆಗೆ ಕಂಡುಹಿಡಿದವರಲ್ಲಿ ಗೂಗಲಿನ ಪರೀಕ್ಷಕರೂ ಇದ್ದರು. ಆದುದರಿಂದ ಪರೀಕ್ಷೆಯು ವ್ಯರ್ಥವಲ್ಲ. ಅದರ ಮೇಲೆ ಕಟ್ಟುವ ಅಭಯವಚನವೇ ಮಿಥ್ಯೆ. ‘ಇಷ್ಟನ್ನು ನೋಡಿದೆವು, ಇಷ್ಟರಲ್ಲಿ ಕಾಣಲಿಲ್ಲ’ ಎಂಬುದೇ ಸತ್ಯವು. ಜನರ ಬ್ಯಾಂಕಿನ ಹಣವು ಆ ಮಾತನ್ನೇ ನಂಬಿರುವಾಗ, ಬೆಂಗಳೂರಿನಲ್ಲಿ ಈ ವೃತ್ತಿಯಲ್ಲಿರುವ ನಮ್ಮ ಸೀಮೆಯ ತರುಣರು ಅದಕ್ಕಿಂತ ಹೆಚ್ಚು ನುಡಿಯದಿರುವುದೇ ಧರ್ಮ.