ತಪ್ಪು ಯಾರದು, ಹೊಣೆ ಯಾರದು

ಹತ್ಯಾಕಾಂಡ, ಗಲಭೆ, ಯುದ್ಧ, ಜಾತಿಯ ಕ್ರೌರ್ಯ ಯಾವುದರ ಮಾತು ಎದ್ದರೂ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಎರಡು ವಾಕ್ಯಗಳು ತಪ್ಪದೆ ಕೇಳಿಬರುತ್ತವೆ. ಒಂದು, ‘ಇದರಲ್ಲಿ ನಾವೆಲ್ಲರೂ ತಪ್ಪಿತಸ್ಥರು.’ ಇನ್ನೊಂದು, ‘ಯಾವ ಕಾಲಕ್ಕೋ ಯಾರೋ ಮಾಡಿದ್ದಕ್ಕೆ ನಾನೇಕೆ ತಲೆ ತಗ್ಗಿಸಲಿ?’ ಮೊದಲನೆಯದನ್ನು ಸಜ್ಜನರು ವೇದಿಕೆಯ ಮೇಲೆ ಹೇಳುತ್ತಾರೆ, ಎರಡನೆಯದನ್ನು ಸಿಟ್ಟಿಗೆದ್ದವರು ಟಿವಿಯಲ್ಲಿ ಹೇಳುತ್ತಾರೆ. ಇವರಿಬ್ಬರೂ ಎದುರಾಳಿಗಳಂತೆ ಕಾಣುತ್ತಾರೆ. ನಿಜಕ್ಕೂ ಇಬ್ಬರದೂ ಒಂದೇ ಗೊಂದಲ. ತಪ್ಪು ಮತ್ತು ಹೊಣೆ ಎರಡೂ ಒಂದೇ ಎಂದು ಇಬ್ಬರೂ ನಂಬಿದ್ದಾರೆ. ಹಾಗೆ ನಂಬಿದ ಮೇಲೆ ಒಬ್ಬರು ತಪ್ಪನ್ನು ಊರಿಗೆಲ್ಲ ಹಂಚುತ್ತಾರೆ, ಇನ್ನೊಬ್ಬರು ತಪ್ಪಿನ ಜೊತೆ ಹೊಣೆಯನ್ನೂ ಕೊಡವಿಕೊಂಡು ಹೊರಟುಬಿಡುತ್ತಾರೆ.

ತಪ್ಪು ಮಾಡಿದವರಿಗೆ ಅಂಟುತ್ತದೆ, ಬೇರೆಯವರಿಗೆ ದಾಟುವುದಿಲ್ಲ. ಆಜ್ಞೆ ಕೊಟ್ಟವನು, ಗುಂಡು ಹಾರಿಸಿದವನು, ಎಲ್ಲ ಗೊತ್ತಿದ್ದೂ ಬಾಗಿಲು ಹಾಕಿಕೊಂಡವನು, ಅವರವರ ಪಾಲು ಅವರವರಿಗೆ. ಹೊಣೆಯ ನಡೆ ಬೇರೆ. ನಾನು ಕೈಯಾರೆ ಮಾಡದಿದ್ದರೂ ನನ್ನ ರಾಜ್ಯ, ನನ್ನ ಸಮುದಾಯ ಮಾಡಿದ್ದಕ್ಕೆ ನಾನು ಉತ್ತರ ಕೊಡಬೇಕಾಗುತ್ತದೆ. ಈ ಭೇದವನ್ನು ಎಲ್ಲರಿಗಿಂತ ನಿಷ್ಠುರವಾಗಿ ಹೇಳಿದವರು ರಾಜಕೀಯ ಚಿಂತಕಿ ಹನ್ನಾ ಅರೆಂಟ್. ಸಾಮೂಹಿಕ ಹೊಣೆಗೆ ಅವರು 1968ರಲ್ಲಿ ಎರಡು ಷರತ್ತು ಹಾಕಿದರು: ನಾನು ಮಾಡದ ಕೆಲಸ ಅದಾಗಿರಬೇಕು, ನನ್ನ ಮೇಲೆ ಅದು ಬರುವುದಕ್ಕೆ ಕಾರಣ ನಾನು ಒಂದು ಸಮುದಾಯದ ಸದಸ್ಯನಾಗಿರುವುದು, ಅದೂ ನಾನು ಬೇಡವೆಂದರೂ ಬಿಟ್ಟುಹೋಗದಂಥ ಸದಸ್ಯತ್ವ. ಎಲ್ಲರೂ ತಪ್ಪಿತಸ್ಥರು ಎಂದಾಗ ಯಾರೂ ತಪ್ಪಿತಸ್ಥರಲ್ಲ ಎಂದಾಗುತ್ತದೆ ಎಂಬುದೂ ಅವರದೇ ವಾದ. ಹಾಗೆಂದು ಅವರು ಜನರನ್ನು ಹೊಣೆಯಿಂದ ಬಿಡುಗಡೆ ಮಾಡಲಿಲ್ಲ. ಅದರಿಂದ ಪೂರ್ತಿ ಮುಕ್ತರಾದವರು ಯಾವ ರಾಜ್ಯಕ್ಕೂ ಸೇರದವರು, ನಿರಾಶ್ರಿತರು ಮಾತ್ರ ಎಂದರು. 1933ರಲ್ಲಿ ಜರ್ಮನಿ ಬಿಟ್ಟು ಓಡಿ, 1951ರವರೆಗೂ ಯಾವ ದೇಶದ ಪೌರತ್ವವೂ ಇಲ್ಲದೆ ಬದುಕಿದ ಹೆಂಗಸಿನ ಮಾತು ಇದು. ಆ ಮುಕ್ತಿಯ ಬೆಲೆ ಎಷ್ಟೆಂಬುದು ಅವರಿಗೆ ಗೊತ್ತಿತ್ತು.

ಈ ಭೇದ ನಮಗೆ ಪರದೇಶದ್ದಾಗಿ ಕಾಣಬೇಕಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಅವನು ವ್ಯಾಖ್ಯಾನ ಮಾಡಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ತಂದೆಯ ಸಾಲವನ್ನು ಮಗ ತೀರಿಸಬೇಕೆಂಬ ನಿಯಮವಿದೆ. ಅದರ ಜೊತೆಯಲ್ಲೇ ಒಂದು ವಿನಾಯಿತಿಯೂ ಇದೆ. ತಂದೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನಿಗೆ ಬರುವುದಿಲ್ಲ. ತಂದೆಗೆ ವಿಧಿಸಿ ಬಾಕಿ ಉಳಿದ ದಂಡವೂ ಬರುವುದಿಲ್ಲ. ದಂಡ ಶಿಕ್ಷೆ, ಅದು ಮಾಡಿದವನ ಜೊತೆಯಲ್ಲೇ ಮುಗಿಯುತ್ತದೆ. ಋಣ ಇನ್ನೊಬ್ಬನಿಗೆ ಸಲ್ಲಬೇಕಾದದ್ದು. ಕೊಡಬೇಕಾದವನು ಸತ್ತರೂ ಪಡೆಯಬೇಕಾದವನು ಬಾಗಿಲಲ್ಲಿ ನಿಂತಿರುತ್ತಾನೆ. ಮಗನ ಈ ಧಾರ್ಮಿಕ ಬಾಧ್ಯತೆಯನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ತೆಗೆದುಹಾಕಿತು, ಅದು ಸರಿಯಾದದ್ದೇ. ಆದರೆ ಅದರೊಳಗಿದ್ದ ವಿವೇಕವನ್ನು ನಾವು ಬಿಡಬೇಕಾಗಿಲ್ಲ. ತಾತನ ಹೊಲ, ತಾತನ ಹೆಸರು, ತಾತನ ಕೀರ್ತಿ ಎಲ್ಲವನ್ನೂ ಹೆಮ್ಮೆಯಿಂದ ಹೊತ್ತುಕೊಳ್ಳುವವರು ತಾತ ಕೆರೆಯ ನೀರು ಮುಟ್ಟಗೊಡದವರ ಮೊಮ್ಮಕ್ಕಳು ಎದುರಿಗೆ ಬಂದಾಗ ಮಾತ್ರ ‘ನಾನು ಬೇರೆ, ಅವನು ಬೇರೆ’ ಎನ್ನುವುದನ್ನು ನಾನು ಒಪ್ಪಲಾರೆ.

ಈ ಭೇದ ಕಲ್ಲಿನಲ್ಲಿ, ನೆಲದ ಮೇಲೆ, ನ್ಯಾಯಾಲಯದ ತೀರ್ಪಿನಲ್ಲಿ ಕಣ್ಣಿಗೆ ಕಾಣುವ ಜಾಗವೆಂದರೆ ಹಿರೋಶಿಮಾದ ಶಾಂತಿ ಸ್ಮಾರಕ ಉದ್ಯಾನ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಗುಮ್ಮಟದ ಪಳೆಯುಳಿಕೆಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮ್ಯೂಸಿಯಂನಲ್ಲಿ ಸುಟ್ಟ ಶಾಲಾಬಟ್ಟೆ ನೋಡಿ ಮಾತು ಕಳೆದುಕೊಳ್ಳುತ್ತಾರೆ, ಮಕ್ಕಳ ಸ್ಮಾರಕದ ಕಾಗದದ ಕೊಕ್ಕರೆಗಳನ್ನು ನೋಡಿ ಹೊರಬರುತ್ತಾರೆ. ಉದ್ಯಾನ ಇರುವ ನಕಾಜಿಮಾ, 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಅಣುಬಾಂಬ್ ಬೀಳುವವರೆಗೆ ಎರಡು ನದಿಗಳ ನಡುವೆ ಮನೆ, ಅಂಗಡಿ, ದೇವಾಲಯಗಳು ಒತ್ತಾಗಿದ್ದ ಪೇಟೆ. ಆ ವರ್ಷದ ಕೊನೆಯ ಹೊತ್ತಿಗೆ ನಗರದಲ್ಲಿ ಸುಮಾರು 1,40,000 ಜನ ಸತ್ತಿದ್ದರೆಂಬ ಅಂದಾಜಿದೆ. ಅಂಥ ಜಾಗದಲ್ಲಿ ನಿಂತು ತಪ್ಪು, ಹೊಣೆ ಎಂದು ಎಳೆ ಬಿಡಿಸುವುದು ಕಠಿಣ ಹೃದಯದ ಕೆಲಸವೆಂದು ಯಾರಿಗಾದರೂ ಅನ್ನಿಸಬಹುದು. ಎಳೆ ಬಿಡಿಸದೆ ಹೋದದ್ದರಿಂದ ಅಲ್ಲೇ ಸತ್ತ, ಅಲ್ಲೇ ಸುಟ್ಟುಕೊಂಡ ಜನರಿಗೆ ಎಷ್ಟು ಅನ್ಯಾಯವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಉದ್ಯಾನದ ನಡುವೆ ತಾಂಗೆ ಕೆಂಜೊ ರೂಪಿಸಿದ ಕಮಾನಿದೆ. ಅದರ ಕೆಳಗೆ ಒಂದು ಕಲ್ಲಿನ ಪೆಟ್ಟಿಗೆ. ಅದರಲ್ಲಿ ಸತ್ತವರ ಹೆಸರಿನ ಪಟ್ಟಿ, ಯಾವ ದೇಶದವರೆಂಬ ಭೇದವಿಲ್ಲದೆ. ಪೆಟ್ಟಿಗೆಯ ಮುಖದ ಮೇಲೆ ಸತ್ತವರು ನೆಮ್ಮದಿಯಿಂದಿರಲಿ, ಆ ತಪ್ಪು ಮತ್ತೆ ಆಗಗೊಡುವುದಿಲ್ಲ ಎಂಬರ್ಥದ ಬರಹವಿದೆ. ಬರೆದವರು ಹಿರೋಶಿಮಾ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಸೈಕಾ ತಾದಾಯೋಶಿ. ಅವರೂ ಬಾಂಬಿನ ಸಂತ್ರಸ್ತರೇ. ಆ ತಪ್ಪು ಯಾರದೆಂದು ಕಲ್ಲು ಹೇಳುವುದಿಲ್ಲ. 1952ರ ಆಗಸ್ಟ್‌ನಲ್ಲಿ ಅದು ಅನಾವರಣಗೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಅದರ ಮುಂದೆ ನಿಂತು ಸಿಟ್ಟಾದವರು ನಮ್ಮ ದೇಶದ ರಾಧಾವಿನೋದ ಪಾಲ್.

ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿಯ 11 ನ್ಯಾಯಾಧೀಶರಲ್ಲಿ ಪಾಲ್ ಒಬ್ಬರು. ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು ಭಿನ್ನಮತದ ತೀರ್ಪು ಬರೆದವರು. ಬಾಂಬ್ ಹಾಕಿದ್ದು ಜಪಾನೀಯರಲ್ಲ, ಹಾಕಿದವರ ಕೈ ಇನ್ನೂ ಶುದ್ಧವಾಗಿಲ್ಲ, ಹಾಗಿರುವಾಗ ಇಲ್ಲಿ ಕ್ಷಮೆ ಕೇಳುತ್ತಿರುವವರು ಯಾರು ಎಂಬುದು ಅವರ ಪ್ರಶ್ನೆ. ಪ್ರಶ್ನೆಯ ಅರ್ಧಭಾಗ ನನಗೆ ಒಪ್ಪಿಗೆ. ಒಂದು ನಗರದ ಮುದುಕರನ್ನೂ ಮಕ್ಕಳನ್ನೂ ಸುಟ್ಟದ್ದು ಘೋರ ಅಪರಾಧ, ಅದನ್ನು ಮಾಡಿದವರಿಗೆ ಹೆಸರಿದೆ, ಹುದ್ದೆಯಿದೆ. 2016ರ ಮೇ 27ರಂದು ಅಲ್ಲಿಗೆ ಬಂದ ಬರಾಕ್ ಒಬಾಮ ಸಾವು ಆಕಾಶದಿಂದ ಬಿದ್ದಿತು ಎಂಬಂತೆ ಮಾತು ಶುರು ಮಾಡಿದರು, ಕ್ಷಮೆ ಕೇಳಲಿಲ್ಲ. ಬಾಂಬ್ ಹಾಕಿದಾಗ ಒಬಾಮ ಹುಟ್ಟಿರಲಿಲ್ಲ, ತಪ್ಪು ಅವರದಲ್ಲ. ಆದರೆ ಅಮೆರಿಕದ ಅಧ್ಯಕ್ಷನಾಗಿ ಬಂದವನ ಮೇಲೆ ಹೊಣೆ ಇದ್ದೇ ಇತ್ತು.

ಆದರೆ ಪಾಲ್ ಅವರ ತರ್ಕದಲ್ಲಿ ಎರಡೇ ಪಾತ್ರಗಳು, ಹೊಡೆದವರು ಮತ್ತು ಹೊಡೆಸಿಕೊಂಡವರು. ಅಪರಾಧಿ ಆಚೆಯವನೆಂದು ಸಾಬೀತಾದೊಡನೆ ಈಚೆಯವರ ಲೆಕ್ಕ ಮುಗಿಯಿತೆಂದು ಅವರು ತಿಳಿದರು. ಒಳ್ಳೆಯ ವಕೀಲ ಹಾಗೆ ತಿಳಿಯುವುದು ಸಹಜ, ಏಕೆಂದರೆ ನ್ಯಾಯಾಲಯಕ್ಕೆ ಬೇಕಾದದ್ದು ತಪ್ಪು ಮಾತ್ರ. ಚೀನಾದ ನಾನ್‌ಜಿಂಗ್‌ನಲ್ಲಿ ಜಪಾನೀ ಸೈನ್ಯದ ಕ್ರೌರ್ಯ ನಡೆದೇ ಇತ್ತೆಂದು ಒಪ್ಪಿಕೊಂಡೂ ಅದನ್ನು ನಾಯಕರ ತಲೆಗೆ ಕಟ್ಟಲು ಸಾಕ್ಷ್ಯ ಸಾಲದೆಂದು ಬರೆದ ಮನಸ್ಸು ಅದು. ಶಿಕ್ಷೆಯ ಪ್ರಶ್ನೆಯಲ್ಲಿ ಆ ಎಚ್ಚರ ಬೇಕು. ಸ್ಮಾರಕದ ಮುಂದೆ ಅದೇ ಅಳತೆಗೋಲು ಹಿಡಿದರೆ ದೇಶವೊಂದು ತನ್ನ ಗಾಯ ತೋರಿಸಿ ತನ್ನ ಲೆಕ್ಕ ಮುಚ್ಚಿಬಿಡಬಹುದು. ಹಾಗೆ ಮುಚ್ಚಬಯಸಿದವರಿಗೆ ಪಾಲ್ ಪೂಜ್ಯರಾದರು. ಜಪಾನಿನ ಯುದ್ಧಮೃತರಿಗೆ ಮುಡಿಪಾದ ಯಾಸುಕುನಿ ಮಂದಿರದ ಆವರಣದಲ್ಲಿ 2005ರಲ್ಲಿ ಅವರ ಸ್ಮಾರಕ ಎದ್ದಿತು. ಅದೇ ವರ್ಷ ಒಬ್ಬ ರಾಷ್ಟ್ರವಾದಿ ಉಳಿ ಹಿಡಿದು ಬಂದು ಹಿರೋಶಿಮಾದ ಕಲ್ಲಿನಿಂದ ‘ತಪ್ಪು’ ಎಂಬ ಅಕ್ಷರಗಳನ್ನೇ ಕೆತ್ತಿ ತೆಗೆದ. ವಸಾಹತಿನಲ್ಲಿ ಹುಟ್ಟಿ ಬೆಳೆದ ಪಾಲ್ ಅವರಿಗೆ ಆ ನಗರದಲ್ಲಿ ಜಪಾನಿನ ವಸಾಹತಿನ ಜನರೂ ಸತ್ತಿದ್ದಾರೆಂಬುದು ಮೊದಲು ಹೊಳೆಯಬೇಕಿತ್ತು. ಅವರ ಮೇಲಿನ ನನ್ನ ಅಸಮಾಧಾನದ ಬೇರು ಇಲ್ಲಿದೆ.

ಸೈಕಾ ಕೊಟ್ಟ ಉತ್ತರವೂ ನನಗೆ ಸಮಾಧಾನ ತಂದಿಲ್ಲ. ಕಲ್ಲಿನ ಮುಂದೆ ನಿಂತು ಮಾತು ಕೊಡುವವರು ಇಡೀ ಮನುಕುಲ ಎಂದರು ಅವರು. ಸ್ವತಃ ಸುಟ್ಟುಕೊಂಡವರ ಬಾಯಲ್ಲಿ ಬಂದ ಅಷ್ಟು ದೊಡ್ಡ ಮಾತಿಗೆ ತಲೆಬಾಗುತ್ತೇನೆ. ಆದರೆ ಮನುಕುಲಕ್ಕೆ ಖಜಾನೆಯಿಲ್ಲ, ಅರ್ಜಿ ತೆಗೆದುಕೊಳ್ಳುವ ಕಚೇರಿಯಿಲ್ಲ. ಮನುಕುಲ ಹೊತ್ತ ಹೊಣೆಯನ್ನು ವಸೂಲು ಮಾಡುವುದು ಯಾರಿಂದ? ಜಪಾನೀಯರಲ್ಲ ಎಂಬ ಪಾಲ್ ಅವರ ಮಾತಿಗೂ ಎಲ್ಲರೂ ಎಂಬ ಸೈಕಾ ಅವರ ಮಾತಿಗೂ ನಡುವೆ ಒಂದು ನಿರ್ದಿಷ್ಟ ರಾಜ್ಯ, ಅದರ ನಿರ್ದಿಷ್ಟ ಬಾಕಿ ಕಣ್ಮರೆಯಾಯಿತು.

ಆ ಬಾಕಿಯ ಗುರುತು ಉದ್ಯಾನದಲ್ಲೇ ಇದೆ: ಆಮೆಯ ಬೆನ್ನ ಮೇಲೆ ನಿಂತ ಕೊರಿಯಾ ಸಂತ್ರಸ್ತರ ಕಂಬ. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ನೆಲ ಕಳೆದುಕೊಂಡು ಕೂಲಿಗೆ ಬಂದವರು, ಯುದ್ಧದ ಕೊನೆಯ ವರ್ಷಗಳಲ್ಲಿ ಮಿತ್ಸುಬಿಷಿಯ ಕಾರ್ಖಾನೆಗಳಿಗೆ ಒತ್ತಾಯದಿಂದ ಎಳೆದು ತಂದವರು, ಸೈನ್ಯಕ್ಕೆ ಸೇರಿಸಿದವರು ಹೀಗೆ ಸಾವಿರಾರು ಕೊರಿಯನ್ನರು ಹಿರೋಶಿಮಾದಲ್ಲಿದ್ದರು. ಸತ್ತವರು 20,000 ಎಂದು ಕಂಬ ಹೇಳುತ್ತದೆ. ಲೆಕ್ಕದ ಬಗ್ಗೆ ಒಮ್ಮತವಿಲ್ಲ. ಬಹಳಷ್ಟು ಜನ ಬಂದದ್ದು ಹಾಪ್‌ಚೊನ್ ಎಂಬ ಒಂದೇ ಸೀಮೆಯಿಂದ. ಬದುಕುಳಿದು ಮರಳಿದವರಿಂದಾಗಿ ಅದಕ್ಕೆ ಕೊರಿಯಾದ ಹಿರೋಶಿಮಾ ಎಂಬ ಹೆಸರೇ ಬಿದ್ದಿತು. 1970ರಲ್ಲಿ ಕಂಬ ಎದ್ದಾಗ ಅದರ ಜಾಗ ಉದ್ಯಾನದ ಹೊರಗೆ, ಹೊಂಕಾವಾ ನದಿಯ ಆಚೆ ದಡದಲ್ಲಿ. ಗಾಯಗೊಂಡ ಕೊರಿಯಾದ ರಾಜಕುಮಾರ ಯಿ ಉ ಸಿಕ್ಕ ಜಾಗಕ್ಕೆ ಅದು ಹತ್ತಿರ ಎಂಬುದೊಂದು ಕಾರಣ. ಒಳಗೆ ತರಬೇಕೆಂಬ ಬೇಡಿಕೆ ಎದ್ದಾಗ ಉದ್ಯಾನದಲ್ಲಿ ಹೊಸ ಸ್ಮಾರಕಕ್ಕೆ ಎಡೆಯಿಲ್ಲ ಎಂದು ನಗರಾಡಳಿತ ಹೇಳುತ್ತಾ ಬಂತು. 1999ರಲ್ಲಿ ಕಂಬ ನದಿ ದಾಟಿತು.

ಕಂಬಕ್ಕಿಂತ ಕಾನೂನಿನ ಕತೆ ಘೋರವಾದದ್ದು. ಬಾಂಬ್ ಬಿದ್ದ ದಿನ ಕೊರಿಯನ್ನರು ಜಪಾನಿನ ಪ್ರಜೆಗಳು. ದುಡಿಸಿಕೊಳ್ಳಲು, ಸೈನ್ಯಕ್ಕೆ ಹಾಕಲು ಅಷ್ಟು ಸಾಕಾಗಿತ್ತು. 1952ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಒಪ್ಪಂದ ಜಾರಿಗೆ ಬಂದೊಡನೆ ಅವರ ಪೌರತ್ವ ಹೋಯಿತು, ಯಾರೂ ಅವರನ್ನು ಕೇಳಲಿಲ್ಲ. 1957ರಲ್ಲಿ ಸಂತ್ರಸ್ತರ ವೈದ್ಯಕೀಯ ನೆರವಿನ ಕಾನೂನು ಬಂದಾಗ ಕೊರಿಯಾಕ್ಕೆ ಮರಳಿದವರು ಅದರಾಚೆ ಉಳಿದರು. ಅರೆಂಟ್ ಹೇಳಿದ ಷರತ್ತನ್ನು ಇಲ್ಲಿ ತಲೆಕೆಳಗಾಗಿ ನೋಡಬಹುದು. ಸದಸ್ಯತ್ವದಿಂದ ಹೊಣೆ ಹುಟ್ಟುತ್ತದೆ. ಹಾಗಾದರೆ ಸದಸ್ಯರನ್ನು ಪಟ್ಟಿಯಿಂದ ಹೊಡೆದುಹಾಕಿದರೆ ಹೊಣೆಯೂ ಹೋಗುತ್ತದೆ ಎಂದು ರಾಜ್ಯ ಲೆಕ್ಕ ಹಾಕಿತು. ಸದಸ್ಯ ತಾನಾಗಿ ಬಿಟ್ಟುಹೋಗಲಾರದ ಸಂಬಂಧವನ್ನು ರಾಜ್ಯವೂ ಏಕಪಕ್ಷೀಯವಾಗಿ ಕಡಿಯುವಂತಿಲ್ಲ ಎಂಬ ಮೂರನೆಯ ಷರತ್ತನ್ನು ನಾನು ಸೇರಿಸಬಯಸುತ್ತೇನೆ.

1970ರಲ್ಲಿ ಸೊನ್ ಜಿನ್-ದು ಎಂಬ ಕೊರಿಯನ್ ಸಂತ್ರಸ್ತ ಚಿಕಿತ್ಸೆಗಾಗಿ ಕದ್ದು ಜಪಾನಿಗೆ ಬಂದು ಸಿಕ್ಕಿಬಿದ್ದ. ಅಕ್ರಮವಾಗಿ ಬಂದವನಿಗೆ ನೆರವಿಲ್ಲ ಎಂದಿತು ಸರ್ಕಾರ. ಅವನು ದಾವೆ ಹೂಡಿದ. 1978ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಬಾಂಬ್ ಬಿದ್ದಾಗ ಇವನು ಜಪಾನಿನ ಪ್ರಜೆ, ಆ ಪ್ರಜೆತನ ಹೋದದ್ದು ತನ್ನ ಇಚ್ಛೆಯಿಂದಲ್ಲ, ಆದ್ದರಿಂದ ಇವನಿಗೆ ನೆರವು ಕೊಡುವುದು ರಾಜ್ಯದ ನೀತಿಗೂ ಒಪ್ಪುತ್ತದೆ ಎಂಬುದು ತೀರ್ಪಿನ ಒಂದು ಎಳೆ. ಸಾಮೂಹಿಕ ಹೊಣೆ ಎಂದರೇನೆಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ. ತೀರ್ಪು ಕೊಟ್ಟ ನ್ಯಾಯಾಧೀಶರ ಮೇಲಾಗಲಿ 1978ರಲ್ಲಿ ತೆರಿಗೆ ಕಟ್ಟುತ್ತಿದ್ದ ಜಪಾನೀಯರ ಮೇಲಾಗಲಿ ಅದು ತಪ್ಪು ಹೊರಿಸಲಿಲ್ಲ. ಕೊಡಬೇಕಾದದ್ದನ್ನು ಕೊಡಿ ಎಂದಿತು, ಅಷ್ಟೇ.

ಇಲ್ಲಿ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಅವರೊಡನೆಯೂ ನನ್ನದೊಂದು ತಕರಾರಿದೆ. ಸೋತ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1945–46ರ ಚಳಿಗಾಲದಲ್ಲಿ ಉಪನ್ಯಾಸ ಮಾಡುತ್ತಾ ಅವರು ತಪ್ಪನ್ನು ನಾಲ್ಕಾಗಿ ವಿಂಗಡಿಸಿದರು. ಕಾನೂನಿನದು, ರಾಜಕೀಯದ್ದು, ನೈತಿಕದ್ದು ಎಂಬ ಮೊದಲ ಮೂರು ಬೆಲೆಬಾಳುವಂಥವು. ನಾಲ್ಕನೆಯದು ಪಾರಮಾರ್ಥಿಕವಾದದ್ದು: ಪಕ್ಕದವರನ್ನು ಕೊಲ್ಲುವಾಗ ನಾನಿನ್ನೂ ಬದುಕಿದ್ದೇನೆ ಎಂಬುದೇ ಒಂದು ಅಪರಾಧ. ಹಿರೋಶಿಮಾದಲ್ಲಿ ಬದುಕುಳಿದ ಅನೇಕರು ಇದನ್ನೇ ಜೀವಮಾನವಿಡೀ ಹೊತ್ತರು. ಬೆಂಕಿ ಹತ್ತಿರ ಬರುತ್ತಿರುವಾಗ ಕುಸಿದ ತೊಲೆಯಡಿ ಸಿಕ್ಕಿಕೊಂಡ ತಾಯಿಯನ್ನು, ತಮ್ಮನನ್ನು ಬಿಟ್ಟು ಓಡಿದವರು ಅವರು. ಆ ಸಂಕಟ ನಿಜ. ಆದರೆ ಅದಕ್ಕೆ ಅಪರಾಧವೆಂಬ ಹೆಸರು ಕೊಟ್ಟ ತತ್ತ್ವಶಾಸ್ತ್ರ ಸಂತ್ರಸ್ತಳ ಹೆಗಲಿಗೆ ಇನ್ನೊಂದು ಹೊರೆ ಏರಿಸುತ್ತದೆ. ಅತ್ತ ಏನೂ ಮಾಡಲಾಗದಿದ್ದವಳು ತಪ್ಪಿತಸ್ಥೆ ಎಂದುಕೊಂಡು ಸಾಯುತ್ತಾಳೆ. ಇತ್ತ ಮಾಡಬಹುದಾಗಿದ್ದ ಸರ್ಕಾರ ಸುತ್ತೋಲೆ ಹೊರಡಿಸುತ್ತದೆ.

ಸುತ್ತೋಲೆ ಎಂದದ್ದು ಮಾತಿನ ಭರಕ್ಕಲ್ಲ. 1974ರಲ್ಲಿ ಜಪಾನಿನ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆಯ ಪ್ರಕಾರ ಜಪಾನ್ ಬಿಟ್ಟು ಹೊರಟ ಸಂತ್ರಸ್ತನ ಭತ್ಯೆ ನಿಂತುಹೋಗುತ್ತಿತ್ತು. ಸೊನ್ ಮೊಕದ್ದಮೆಯಲ್ಲಿ ಕೆಳಗಿನ ಕೋರ್ಟುಗಳು ಅವನತ್ತ ವಾಲತೊಡಗಿದ್ದಾಗಲೇ ಅದು ಬಂತು. ಸಂತ್ರಸ್ತನೆಂಬ ದಾಖಲೆ ಹಿಡಿದು ಹಾಪ್‌ಚೊನ್‌ಗೆ ಮರಳಿದವನ ಕೈಯಲ್ಲಿ ಆ ದಾಖಲೆ ಬರಿಯ ಕಾಗದ. ಜಪಾನೀ ಸೇನೆಗೆ ಸೇರಿಸಲ್ಪಟ್ಟು ಹಿರೋಶಿಮಾದಲ್ಲಿ ಸುಟ್ಟುಕೊಂಡಿದ್ದ ಕ್ವಾಕ್ ಕ್ವಿ-ಹುನ್ ಸುತ್ತೋಲೆಯ ವಿರುದ್ಧ ಹೋರಾಡಿ 2002ರ ಡಿಸೆಂಬರ್‌ನಲ್ಲಿ ಒಸಾಕಾ ಹೈಕೋರ್ಟಿನಲ್ಲಿ ಗೆದ್ದರು. ಮರುವರ್ಷ ಸುತ್ತೋಲೆ ರದ್ದಾಯಿತು. ಹೊರದೇಶದಲ್ಲಿರುವವರಿಗೂ ಚಿಕಿತ್ಸೆಯ ಪೂರ್ತಿ ವೆಚ್ಚ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರಲ್ಲಿ, ಬಾಂಬ್ ಬಿದ್ದ 70 ವರ್ಷಗಳ ಮೇಲೆ.

ಹೊಣೆ ಒಪ್ಪಿಕೊಂಡರೆ ದೇಶದ ಮಾನ ಹೋಗುತ್ತದೆ ಎನ್ನುವವರು ಹಿರೋಶಿಮಾದ ಮೇಯರ್ ಆಗಿದ್ದ ಹಿರಾವೊಕಾ ತಾಕಾಶಿ ಅವರನ್ನು ನೆನೆಯಬೇಕು. ಪತ್ರಕರ್ತರಾಗಿ ಕೊರಿಯಾದ ಸಂತ್ರಸ್ತರ ಬಗ್ಗೆ ಬರೆದಿದ್ದವರು ಅವರು. 1991ರ ಆಗಸ್ಟ್ 6ರಂದು ಅದೇ ಕಮಾನಿನ ಮುಂದೆ, ಜಪಾನಿನ ವಸಾಹತು ಆಳ್ವಿಕೆ ಮತ್ತು ಯುದ್ಧದಿಂದ ನೊಂದ ಏಷ್ಯಾದ ಜನರ ಕ್ಷಮೆ ಕೇಳಿದರು. ಸುಟ್ಟ ನಗರದ ಮೇಯರ್ ಕ್ಷಮೆ ಕೇಳಿದ್ದರಿಂದ ಹಿರೋಶಿಮಾದ ನೋವು ಕಿರಿದಾಗಲಿಲ್ಲ, ಬಾಂಬ್ ಹಾಕಿದವರ ಅಪರಾಧವೂ ಕಡಿಮೆಯಾಗಲಿಲ್ಲ. 2023ರ ಮೇ ತಿಂಗಳಲ್ಲಿ ಜಪಾನಿನ ಪ್ರಧಾನಿ ಕಿಶಿದಾ ಮತ್ತು ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಆಮೆಯ ಬೆನ್ನಿನ ಕಂಬದ ಮುಂದೆ ಒಟ್ಟಿಗೆ ತಲೆಬಾಗಿದರು. ಇಬ್ಬರು ನಾಯಕರು ಜೊತೆಯಾಗಿ ಅಲ್ಲಿಗೆ ಬಂದದ್ದು ಅದೇ ಮೊದಲು. ಉತ್ತರ ಕೊರಿಯಾಕ್ಕೆ ಮರಳಿದ ಸಂತ್ರಸ್ತರಿಗೆ ಮಾತ್ರ ಜಪಾನಿನ ಚಿಕಿತ್ಸಾ ನೆರವು ಇನ್ನೂ ತಲುಪಿಲ್ಲ. ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವಿಲ್ಲ, ಅರ್ಜಿ ಕೊಡಲು ಅಲ್ಲಿ ಜಪಾನಿನ ರಾಯಭಾರ ಕಚೇರಿಯಿಲ್ಲ. ಅವರೂ ಆ ಬೆಳಿಗ್ಗೆ ಜಪಾನಿನ ಪ್ರಜೆಗಳೇ ಆಗಿದ್ದರು.